ರಾತ್ರಿ ಮೇನ್ ಸ್ವಿಚ್ ಆರಿಸುವ ಕಚೇರಿಯಲ್ಲಿ ಬ್ಯಾಕಪ್ ತಾನಾಗಿ ನಡೆಯುವಂತೆ ಮಾಡುವುದು ಹೇಗೆ?

ತೆರಿಗೆ ಸಲಹೆಗಾರರ ಕಚೇರಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಬಿ.ಎಚ್. ರಸ್ತೆಯ ಬದಿಯ ಚಿಕ್ಕ ಕಚೇರಿ. ನಾಲ್ಕು ಕಂಪ್ಯೂಟರುಗಳಿವೆ. ಲೆಕ್ಕದ ತಂತ್ರಾಂಶವಾದ ಟ್ಯಾಲಿಯ ದತ್ತಾಂಶವೆಲ್ಲ ಒಂದರಲ್ಲಿದ್ದು, ಉಳಿದ ಮೂರು ಅದನ್ನೇ ನೆಟ್‌ವರ್ಕಿನ ಮೂಲಕ ತೆರೆಯುತ್ತವೆ. ಅಡಿಕೆ ಮಂಡಿಯವರು, ಕೊಬ್ಬರಿ ವರ್ತಕರು, ವಸಂತನರಸಾಪುರದ ಕೆಲವು ಸಣ್ಣ ಘಟಕಗಳು ನಮ್ಮ ಕಕ್ಷಿದಾರರು. ಸಂಜೆ ಹೊರಡುವ ಮೊದಲು ಯಾರಾದರೂ ನೆನಪಿಟ್ಟುಕೊಂಡು ಪೆನ್ ಡ್ರೈವಿಗೆ ನಕಲು ತೆಗೆದರೆ ಅದೇ ಅಂದಿನ ಬ್ಯಾಕಪ್. ರಿಟರ್ನ್ ಸಲ್ಲಿಸುವ ಕೊನೆಯ ದಿನಗಳಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ.

ಈ ಕೆಲಸವನ್ನು ಮನುಷ್ಯರ ನೆನಪಿನಿಂದ ಬಿಡಿಸಬೇಕೆಂದು ಹೊಂದಿಸಿಟ್ಟ ಕೆಲಸವನ್ನು (ಟಾಸ್ಕ್) ತಾನಾಗಿ ನಡೆಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಲ್ಲಿ, ಎಲ್ಲ ಕೈಪಿಡಿಗಳೂ ಹೇಳುವಂತೆ, ರಾತ್ರಿ 2 ಗಂಟೆಗೆ ಒಂದು ಟಾಸ್ಕ್ ಇಟ್ಟಿದ್ದೇವೆ. ಆದರೆ ಶಾರ್ಟ್ ಸರ್ಕ್ಯೂಟಿನ ಭಯದಿಂದ ಕಟ್ಟಡದ ಮಾಲೀಕರು ರಾತ್ರಿ ಇಡೀ ಮಹಡಿಯ ಮೇನ್ ಸ್ವಿಚ್ ಆರಿಸುತ್ತಾರೆ. ಅವರ ಭಯ ನ್ಯಾಯವಾದದ್ದೇ ಆದ್ದರಿಂದ ಅದನ್ನು ಬದಲಿಸಿ ಎನ್ನಲಾರೆವು. ಹಾಗಾದರೆ ಇಂಥ ಕಚೇರಿಗೆ ತಕ್ಕ ವೇಳೆ ಯಾವುದು? ಇದರ ಜೊತೆಗೆ ಬೇಡದ ಫೈಲುಗಳ ಶುಚಿ, ಡಿಸ್ಕಿನ ತಪಾಸಣೆ ಮುಂತಾದ ನಿತ್ಯದ ಕೆಲಸಗಳನ್ನೂ ಟಾಸ್ಕುಗಳಿಗೆ ಒಪ್ಪಿಸಬಹುದೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಟೊಮೆಟೊ ಮಂಡಿಯ ಲೆಕ್ಕಪತ್ರ ನೋಡುವವರು, ಕೋಲಾರ

ಸರ್, ರಾತ್ರಿ 2 ಗಂಟೆ ಎಂಬುದು ದಿನವಿಡೀ ಉರಿಯುವ ಸರ್ವರುಗಳ ಲೋಕದಿಂದ ಬಂದ ಸಲಹೆ. ನಮ್ಮ ಊರುಗಳ ಅಂಗಡಿ, ಮಂಡಿ, ಕಚೇರಿಗಳಲ್ಲಿ ಕಂಪ್ಯೂಟರಿಗೆ ಜೀವವಿರುವುದು ಜನ ಇರುವಾಗ ಮಾತ್ರ. ಆದ್ದರಿಂದ ಗಡಿಯಾರದ ವೇಳೆಯನ್ನು ಬಿಟ್ಟು, ನಿಮ್ಮ ಕಚೇರಿಯಲ್ಲಿ ತಪ್ಪದೆ ನಡೆಯುವ ಘಟನೆಯೊಂದಕ್ಕೆ ಬ್ಯಾಕಪ್ಪನ್ನು ಕಟ್ಟಿಹಾಕಿ. ಟಾಸ್ಕ್ ಶೆಡ್ಯೂಲರಿನಲ್ಲಿ ಟಾಸ್ಕನ್ನು ಹೊರಡಿಸುವ ಟ್ರಿಗರ್ ಗಂಟೆಯೇ ಆಗಬೇಕೆಂದಿಲ್ಲ. ಬಳಕೆದಾರರು ಲಾಗಿನ್ ಆಗುವುದು ಅಥವಾ ಪರದೆಯನ್ನು ಲಾಕ್ ಮಾಡುವುದು ಕೂಡ ಟ್ರಿಗರ್ ಆಗಬಲ್ಲದು.

ನಮ್ಮ ಮಂಡಿಯಲ್ಲಿ ಹರಾಜು ಬೆಳಿಗ್ಗೆ ಶುರುವಾದರೆ 15 ಕಿಲೋ ಬಾಕ್ಸುಗಳ ಲೆಕ್ಕ, ರೈತರ ಪಟ್ಟಿ, ಲಾರಿ ಬಾಡಿಗೆ ಎಂದು ಕಂಪ್ಯೂಟರಿಗೆ ಒಂದು ಕ್ಷಣವೂ ಬಿಡುವಿರುವುದಿಲ್ಲ. ಹಾಗಾಗಿ ನಾವು ಬ್ಯಾಕಪ್ಪನ್ನು ಎರಡು ತುದಿಗಳಲ್ಲಿ ಇಟ್ಟಿದ್ದೇವೆ. ಮೊದಲನೆಯದು ಬೆಳಿಗ್ಗೆ ಲಾಗಿನ್ ಆದ ಕೂಡಲೇ, ಲೆಕ್ಕದ ತಂತ್ರಾಂಶವನ್ನು ಯಾರೂ ತೆರೆಯುವ ಮೊದಲು ನಡೆಯುತ್ತದೆ. ರಾತ್ರಿಯೆಲ್ಲ ಯಂತ್ರ ಆರಿದ್ದರಿಂದ ಬೆಳಗಿನ ಫೈಲುಗಳು ನಿನ್ನೆ ಮುಚ್ಚಿದ ಸ್ಥಿತಿಯಲ್ಲೇ ಇರುತ್ತವೆ. ತೆರೆದಿರುವ ಫೈಲನ್ನು ನಕಲು ಮಾಡಿದಾಗ ಅರ್ಧ ಹಳೆಯದು ಅರ್ಧ ಹೊಸದು ಸೇರಿ ಕೆಡುವ ಅಪಾಯ ಆಗ ಇಲ್ಲ.

ಎರಡನೆಯದು ಸಂಜೆಯದು. ಅದಕ್ಕೆ ಟಾಸ್ಕ್ ಬೇಡ. ಡೆಸ್ಕ್‌ಟಾಪಿನಲ್ಲಿ ‘ಬಾಗಿಲು ಹಾಕು’ ಎಂಬ ಐಕಾನ್ ಇದೆ. ಅದರ ಹಿಂದಿರುವ ಬ್ಯಾಚ್ ಫೈಲು (ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಫೈಲು) ಮೊದಲು ನಕಲು ಮಾಡುತ್ತದೆ, ನಕಲು ಸರಿಯಾಗಿ ಮುಗಿದರೆ ಮಾತ್ರ ಕಂಪ್ಯೂಟರನ್ನು ಆರಿಸುತ್ತದೆ, ಇಲ್ಲವಾದರೆ ಏನು ಕೆಟ್ಟಿತೆಂಬುದನ್ನು ಪರದೆಯ ಮೇಲೆ ತೋರಿಸಿ ನಿಲ್ಲುತ್ತದೆ. ಮನೆಗೆ ಹೊರಟ ಮನುಷ್ಯ, ಆರದೆ ನಿಂತ ಕಂಪ್ಯೂಟರನ್ನು ಗಮನಿಸದೇ ಇರಲಾರ. ಮಧ್ಯರಾತ್ರಿ ಬಂದ ದೋಷಸೂಚನೆಗಿಂತ ಇದು ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಡಿಯಾರದ ವೇಳೆಯನ್ನೇ ಇಟ್ಟುಕೊಳ್ಳುವುದಾದರೆ, ಸೆಟ್ಟಿಂಗ್ಸ್ ಹಾಳೆಯಲ್ಲಿ ‘ವೇಳೆ ತಪ್ಪಿದ ಟಾಸ್ಕನ್ನು ಸಾಧ್ಯವಾದಷ್ಟು ಬೇಗ ನಡೆಸು’ ಎಂಬ ಅರ್ಥದ ಚೌಕವೊಂದಿದೆ, ಅದಕ್ಕೆ ಗುರುತು ಹಾಕಿ. ಕಂಡಿಷನ್ಸ್ ಹಾಳೆಯಲ್ಲಿ ವಿದ್ಯುತ್ತಿನ ಮೇಲೆ ನಡೆಯುತ್ತಿದ್ದರೆ ಮಾತ್ರ ಆರಂಭಿಸು ಎಂಬ ಗುರುತು ಮೊದಲಿನಿಂದಲೇ ಇರುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲಿದ್ದಾಗ ಬ್ಯಾಕಪ್ ಸದ್ದಿಲ್ಲದೆ ತಪ್ಪಿಹೋಗುವುದು ಇದರಿಂದಲೇ.

ಕಂಪ್ಯೂಟರ್ ದುರಸ್ತಿ ಮಾಡುವವರು, ಮಧುಗಿರಿ

ಮೇನ್ ಸ್ವಿಚ್ಚಿನ ಮಾತು ಬಂದಿದ್ದರಿಂದ ಒಂದು ವಿಷಯ ಸೇರಿಸುತ್ತೇನೆ. ಗೋಡೆಯ ಕರೆಂಟು ಪೂರ್ತಿ ಹೋದಾಗ ಕಂಪ್ಯೂಟರಿನ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡಿನ ಮೇಲಿರುವ ಗುಂಡಿಯಂಥ ಸಿಆರ್ 2032 ಸೆಲ್. ದಿನವೂ ಮೇನ್ ಆರಿಸುವ ಕಡೆ ಆ ಸೆಲ್ಲಿನ ಮೇಲೆ ಹೊರೆ ಹೆಚ್ಚು, ಅದು ಬೇಗ ಸೋಲುತ್ತದೆ. ಸೋತ ಮೇಲೆ ಬೆಳಿಗ್ಗೆ ಹಚ್ಚಿದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಇಂಟರ್ನೆಟ್ ಸಿಕ್ಕಮೇಲೆ ತಾರೀಖು ಸರಿಹೋಗಬಹುದು, ಆದರೆ ಅಷ್ಟರಲ್ಲಿ ಲಾಗಿನ್ ಟಾಸ್ಕ್ ನಡೆದುಹೋಗಿ, ಹಳೆಯ ತಾರೀಖಿನ ಹೆಸರಲ್ಲಿ ಬ್ಯಾಕಪ್ ಫೋಲ್ಡರು ಹುಟ್ಟಿರುತ್ತದೆ. ತಾರೀಖು ನೋಡಿ ಹೊಸದು ಹಳೆಯದು ಎಂದು ತೀರ್ಮಾನಿಸುವ ನಕಲು ಕೂಡ ಆಗ ದಾರಿ ತಪ್ಪುತ್ತದೆ. ಟಾಸ್ಕ್ ಹೊಂದಿಸುವ ಮೊದಲು ಆ ಸೆಲ್ ಬದಲಿಸಿಬಿಡಿ. ಅಗ್ಗದ ವಸ್ತು, ಎಲ್ಲ ಕಡೆ ಸಿಗುತ್ತದೆ.

ಪದವಿ ಕಾಲೇಜಿನ ಪ್ರಯೋಗಾಲಯ ಸಹಾಯಕಿ, ಚಿಕ್ಕಬಳ್ಳಾಪುರ

ನಕಲು ಮಾಡುವ ಆಜ್ಞೆಯ ಬಗ್ಗೆ ಇನ್ನೂ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ವಿಂಡೋಸ್ ವಿಸ್ತಾದ ಕಾಲದಿಂದಲೂ ರೋಬೋಕಾಪಿ ಎಂಬ ಆಜ್ಞೆ ವಿಂಡೋಸಿನ ಒಳಗೇ ಇದೆ, ಬೇರೆ ಏನನ್ನೂ ಕೊಳ್ಳಬೇಕಾಗಿಲ್ಲ. ಅದು ಬದಲಾದ ಫೈಲುಗಳನ್ನಷ್ಟೇ ನಕಲು ಮಾಡುವುದರಿಂದ ಮೊದಲ ದಿನ ಬಿಟ್ಟರೆ ಉಳಿದ ದಿನ ಬೇಗ ಮುಗಿಯುತ್ತದೆ. ಆದರೆ ಅದರ ಮೂರು ಗುಣಗಳನ್ನು ತಿಳಿಯದೆ ಟಾಸ್ಕಿಗೆ ಹಾಕಬಾರದು.

ಮೊದಲನೆಯದು ಮರುಪ್ರಯತ್ನ. ಒಂದು ಫೈಲು ಸಿಗದಿದ್ದರೆ ರೋಬೋಕಾಪಿ ತಾನಾಗಿ 10 ಲಕ್ಷ ಬಾರಿ, ಪ್ರತಿ ಸಾರಿ 30 ಸೆಕೆಂಡು ಕಾದು, ಮತ್ತೆ ಪ್ರಯತ್ನಿಸುತ್ತದೆ. ಲೆಕ್ಕ ಹಾಕಿದರೆ ಒಂದೇ ಫೈಲಿಗೆ ಸುಮಾರು 347 ದಿನ. ಇತ್ತ ಟಾಸ್ಕ್ ಶೆಡ್ಯೂಲರಿನ ಮೂಲ ನಿಯಮವೆಂದರೆ, ಟಾಸ್ಕ್ ಒಂದು ಇನ್ನೂ ನಡೆಯುತ್ತಿದ್ದರೆ ಅದರ ಇನ್ನೊಂದು ಪ್ರತಿಯನ್ನು ಆರಂಭಿಸುವುದಿಲ್ಲ, ಮೂರು ದಿನ ಮೀರಿದರೆ ನಿಲ್ಲಿಸುತ್ತದೆ. ಎಂದರೆ ಆರಿಸದೆ ಬಿಟ್ಟ ಕಂಪ್ಯೂಟರಿನಲ್ಲಿ ಸೋಮವಾರ ಯಾರೋ ತೆರೆದಿಟ್ಟ ಒಂದೇ ಒಂದು ಫೈಲಿಗಾಗಿ ಮಂಗಳವಾರ, ಬುಧವಾರದ ಬ್ಯಾಕಪ್ಪುಗಳೂ ಹೊರಡುವುದೇ ಇಲ್ಲ. ಆಜ್ಞೆಯ ಜೊತೆ ಬರೆಯುವ ಆರ್ (/R) ಮತ್ತು ಡಬ್ಲ್ಯು (/W) ಎಂಬ ಸ್ವಿಚ್ಚುಗಳಿಂದ, ಎಂದರೆ ಆಯ್ಕೆಗಳಿಂದ, ಮರುಪ್ರಯತ್ನವನ್ನು ಎರಡು ಬಾರಿಗೆ, ಕಾಯುವುದನ್ನು ಐದು ಸೆಕೆಂಡಿಗೆ ಇಳಿಸಿ.

ಎರಡನೆಯದು ಎಂಐಆರ್ (/MIR) ಸ್ವಿಚ್. ಇದು ಮೂಲವನ್ನೂ ನಕಲನ್ನೂ ಒಂದೇ ರೂಪಕ್ಕೆ ತರುತ್ತದೆ ಎಂದು ಎಲ್ಲರೂ ಹೊಗಳುತ್ತಾರೆ. ಒಂದೇ ರೂಪಕ್ಕೆ ತರುವುದೆಂದರೆ, ಮೂಲದಲ್ಲಿ ಅಳಿಸಿದ್ದನ್ನು ನಕಲಿನಲ್ಲೂ ಅಳಿಸುವುದು. ಯಾರೋ ಕಕ್ಷಿದಾರರ ಫೋಲ್ಡರನ್ನು ಕೈತಪ್ಪಿ ಅಳಿಸಿದರೆ, ಮರುದಿನ ಬೆಳಗಿನ ಟಾಸ್ಕ್ ಅದನ್ನು ಬ್ಯಾಕಪ್ಪಿನಿಂದಲೂ ಬಹಳ ನಿಷ್ಠೆಯಿಂದ ತೆಗೆದುಹಾಕುತ್ತದೆ. ಆದ್ದರಿಂದ ಒಂದೇ ನಕಲಿನ ಫೋಲ್ಡರು ಸಾಲದು. ವಾರದ ಏಳು ದಿನಗಳಿಗೆ ಏಳು ಫೋಲ್ಡರು ಮಾಡಿ, ಸೋಮವಾರದ ನಕಲು ಮುಂದಿನ ಸೋಮವಾರವಷ್ಟೇ ಬದಲಾಗುವಂತೆ ಇಡಿ. ತಿಂಗಳ ಕೊನೆಯ ನಕಲನ್ನು ಬೇರೆಯಾಗಿ ಎತ್ತಿಡಿ. ದಿನದ ಹೆಸರು ಪಡೆಯಲು ಬ್ಯಾಚ್ ಫೈಲಿಗೆ ಅಂದಿನ ತಾರೀಖು ಕೊಡುವ ಡೇಟ್ ಎಂಬ ಚರವನ್ನು ನಂಬಬೇಡಿ, ಏಕೆಂದರೆ ಅದರ ರೂಪ ಪ್ರತಿ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗಿನಂತೆ ಬದಲಾಗುತ್ತದೆ. ವಿಂಡೋಸಿನಲ್ಲೇ ಇರುವ ಇನ್ನೊಂದು ಆಜ್ಞಾ ಸಾಧನವಾದ ಪವರ್‌ಶೆಲ್ಲಿನ ಗೆಟ್-ಡೇಟ್ ಆಜ್ಞೆಗೆ ಬೇಕಾದ ರೂಪವನ್ನು ನಾವೇ ಹೇಳಬಹುದು.

ಮೂರನೆಯದು ಫಲಿತಾಂಶದ ಸಂಖ್ಯೆ. ಬೇರೆ ಆಜ್ಞೆಗಳಲ್ಲಿ ಸೊನ್ನೆ ಎಂದರೆ ಗೆಲುವು, ಉಳಿದದ್ದೆಲ್ಲ ಸೋಲು. ರೋಬೋಕಾಪಿಯಲ್ಲಿ 0 ಎಂದರೆ ನಕಲು ಮಾಡುವಂಥದ್ದು ಏನೂ ಇರಲಿಲ್ಲ, 1 ಎಂದರೆ ಫೈಲುಗಳು ಸರಿಯಾಗಿ ನಕಲಾದವು. 8 ಮತ್ತು ಅದಕ್ಕಿಂತ ಹೆಚ್ಚಿನವು ಮಾತ್ರ ವೈಫಲ್ಯ. ಟಾಸ್ಕ್ ಶೆಡ್ಯೂಲರಿಗೆ ಇದು ತಿಳಿಯದು. ಕೆಲಸ ಸರಿಯಾಗಿ ನಡೆದ ದಿನವೇ ಅದು ಕೊನೆಯ ಫಲಿತಾಂಶದ ಜಾಗದಲ್ಲಿ 0ಎಕ್ಸ್1 (ಅದೇ 1) ಎಂದು ತೋರಿಸಿ ಗಾಬರಿ ಹುಟ್ಟಿಸುತ್ತದೆ. ಅದನ್ನು ಕಂಡು ಕೆಲವರು ಬ್ಯಾಚ್ ಫೈಲಿನ ಕೊನೆಗೆ ಯಾವಾಗಲೂ ಸೊನ್ನೆ ಕೊಡು ಎಂದು ಬರೆದುಬಿಡುತ್ತಾರೆ; ಅಲ್ಲಿಂದಾಚೆಗೆ ಡಿಸ್ಕು ಕಿತ್ತಿಟ್ಟಿದ್ದರೂ ಟಾಸ್ಕ್ ಯಶಸ್ವಿ. 8ಕ್ಕಿಂತ ಕಡಿಮೆಯಾದರೆ ಸೊನ್ನೆ, ಇಲ್ಲದಿದ್ದರೆ ಬಂದ ಸಂಖ್ಯೆಯನ್ನೇ ಕೊಡು ಎಂದು ಬರೆಯುವುದು ಸರಿಯಾದ ಕ್ರಮ.

ತೆರಿಗೆ ಸಲಹೆಗಾರರ ಕಚೇರಿ, ತುಮಕೂರು

ಮೇಡಂ, ತಮ್ಮ ವಿವರಣೆಯಿಂದ ಬಹಳ ಉಪಕಾರವಾಯಿತು. ಎರಡು ಸಂದೇಹಗಳು. ನಮ್ಮ ಫೋಲ್ಡರುಗಳ ಹೆಸರು ಬಹುಪಾಲು ಕನ್ನಡದಲ್ಲಿವೆ, ನಕಲಿನ ವರದಿ ಇರುವ ಲಾಗ್ ಫೈಲಿನಲ್ಲಿ ಅವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತವೆ. ಅಲ್ಲದೆ ನಮ್ಮ ಕಂಪ್ಯೂಟರುಗಳಿಗೆ ಪಾಸ್‌ವರ್ಡೇ ಇಲ್ಲ; ಲಾಗಿನ್ ಆಗದಿದ್ದರೂ ನಡೆಸು ಎಂಬ ಆಯ್ಕೆಯನ್ನು ಟಾಸ್ಕ್ ಒಪ್ಪುತ್ತಿಲ್ಲ.

ಡಿಟಿಪಿ ಮತ್ತು ಮುದ್ರಣಾಲಯ, ಶಿಡ್ಲಘಟ್ಟ

ಕನ್ನಡದ ಹೆಸರುಗಳ ವಿಷಯ ನನ್ನ ನಿತ್ಯದ ಕೆಲಸ. ಲಾಗ್ ಸ್ವಿಚ್ಚಿನ ಬದಲು ಯುನಿಲಾಗ್ ಎಂಬ ಸ್ವಿಚ್ ಬಳಸಿದರೆ ರೋಬೋಕಾಪಿ ವರದಿಯನ್ನು ಎಲ್ಲ ಭಾಷೆಯ ಅಕ್ಷರಗಳಿಗೂ ಜಾಗವಿರುವ ಯುನಿಕೋಡಿನಲ್ಲಿ ಬರೆಯುತ್ತದೆ, ಹೆಸರುಗಳು ನೋಟ್‌ಪ್ಯಾಡಿನಲ್ಲಿ ಸರಿಯಾಗಿ ಓದಲು ಸಿಗುತ್ತವೆ. ಬ್ಯಾಚ್ ಫೈಲಿನ ಒಳಗೇ ಕನ್ನಡದ ಹೆಸರು ಬರೆಯಬೇಕಾಗಿ ಬಂದರೆ, ಫೈಲನ್ನು ಬಿಒಎಂ ಎಂಬ ಆರಂಭದ ಗುರುತಿಲ್ಲದ ಯುಟಿಎಫ್ 8 ಎಂಬ ಯುನಿಕೋಡ್ ರೂಪದಲ್ಲಿ ಉಳಿಸಿ, ಮೊದಲ ಸಾಲಿನಲ್ಲಿ ಕೋಡ್ ಪೇಜನ್ನು (ಅಕ್ಷರಗಳನ್ನು ಓದುವ ಪಟ್ಟಿಯನ್ನು) 65001ಕ್ಕೆ, ಎಂದರೆ ಯುಟಿಎಫ್ 8ಕ್ಕೆ, ಬದಲಿಸುವ ಆಜ್ಞೆ ಬರೆಯಿರಿ. ಇದಕ್ಕಿಂತ ಸುಲಭದ ದಾರಿಯೆಂದರೆ, ಎಲ್ಲಕ್ಕೂ ಮೇಲಿನ ಫೋಲ್ಡರಿಗೆ ಇಂಗ್ಲಿಷ್ ಹೆಸರು ಕೊಟ್ಟು, ಒಳಗಿನ ಹೆಸರುಗಳನ್ನು ಕನ್ನಡದಲ್ಲೇ ಬಿಡುವುದು. ಆಜ್ಞೆಯಲ್ಲಿ ಬರುವುದು ಮೇಲಿನ ಹೆಸರೊಂದೇ ತಾನೆ.

ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಮಾಡಿದ ಹಳೆಯ ಕಡತಗಳಿದ್ದರೆ ಅವುಗಳ ಫಾಂಟುಗಳನ್ನೂ ಬ್ಯಾಕಪ್ಪಿಗೆ ಸೇರಿಸಿ. ಯುನಿಕೋಡ್ ಅಲ್ಲದ ಕಡತ ಎಷ್ಟು ಜೋಪಾನವಾಗಿ ಉಳಿದರೂ, ಆ ಫಾಂಟು ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ.

ಪದವಿ ಕಾಲೇಜಿನ ಪ್ರಯೋಗಾಲಯ ಸಹಾಯಕಿ, ಚಿಕ್ಕಬಳ್ಳಾಪುರ

ಪಾಸ್‌ವರ್ಡ್ ಇಲ್ಲದ ಖಾತೆಯಲ್ಲಿ ಹಿನ್ನೆಲೆಯ ಟಾಸ್ಕ್ ನಡೆಯದಿರುವುದು ವಿಂಡೋಸಿನ ಸುರಕ್ಷತಾ ನಿಯಮ, ಕೆಟ್ಟದ್ದೇನಲ್ಲ. ಕೋಲಾರದ ಸರ್ ಹೇಳಿದಂತೆ ಲಾಗಿನ್ ಟ್ರಿಗರ್ ಇಟ್ಟರೆ ‘ಲಾಗಿನ್ ಆಗಿದ್ದಾಗ ಮಾತ್ರ’ ಎಂಬ ಆಯ್ಕೆಯೇ ಸಾಕಾಗುತ್ತದೆ. ಆದರೂ ಪ್ಯಾನ್, ಆಧಾರ್ ಪ್ರತಿಗಳಿರುವ ಕಂಪ್ಯೂಟರಿಗೆ ಪಾಸ್‌ವರ್ಡ್ ಇರಲೇಬೇಕು. ಇಟ್ಟ ಮೇಲೆ ಎಂದಾದರೂ ಬದಲಿಸಿದರೆ, ಹಳೆಯ ಪಾಸ್‌ವರ್ಡ್ ಉಳಿಸಿಕೊಂಡಿರುವ ಟಾಸ್ಕುಗಳೆಲ್ಲ ಅಂದಿನಿಂದಲೇ ನಿಲ್ಲುತ್ತವೆ ಎಂಬುದು ನೆನಪಿರಲಿ. ಲಾಗಿನ್ ಆಗದೆ ನಡೆಯುವ ಟಾಸ್ಕಿಗೆ ನೆಟ್‌ವರ್ಕಿನಲ್ಲಿ ಬೇರೆ ಕಂಪ್ಯೂಟರಿನ ಫೋಲ್ಡರಿಗೆ ಕೊಟ್ಟ ಜೆಡ್ ಡ್ರೈವು ಮುಂತಾದ ಹೆಸರುಗಳು ಕಾಣುವುದೂ ಇಲ್ಲ, ಕಂಪ್ಯೂಟರಿನ ಹೆಸರಿನಿಂದ ಆರಂಭವಾಗುವ ಪೂರ್ಣ ದಾರಿಯನ್ನೇ ಬರೆಯಬೇಕು.

ಲೆಕ್ಕಪರಿಶೋಧಕರು, ತಿಪಟೂರು

ತಾಂತ್ರಿಕ ವಿವರಗಳನ್ನು ಬಲ್ಲವರು ಬರೆದಿದ್ದಾರೆ. ನಾನು ಕಾನೂನಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಕೊಬ್ಬರಿ ವರ್ತಕರಲ್ಲಿ ಬ್ಯಾಕಪ್ ಎಂದರೆ ಕಂಪ್ಯೂಟರಿನವರ ಹವ್ಯಾಸ ಎಂಬ ಭಾವನೆ ಇನ್ನೂ ಇದೆ. ಕೇಂದ್ರ ಜಿಎಸ್‌ಟಿ ನಿಯಮಗಳ 57ನೇ ನಿಯಮದ ಪ್ರಕಾರ, ಲೆಕ್ಕಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವವರು, ಅಪಘಾತದಿಂದಲೋ ಪ್ರಕೃತಿ ವಿಕೋಪದಿಂದಲೋ ದಾಖಲೆಗಳು ನಾಶವಾದರೆ ಯುಕ್ತ ಅವಧಿಯೊಳಗೆ ಮರಳಿ ಪಡೆಯಲು ಆಗುವಂತೆ ಬ್ಯಾಕಪ್ ಇಟ್ಟಿರಬೇಕು. ಕಾಯಿದೆಯ 36ನೇ ಸೆಕ್ಷನ್ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಉಳಿಸಬೇಕೆನ್ನುತ್ತದೆ. ಕಕ್ಷಿದಾರರಲ್ಲಿ ಕಂಪನಿಗಳಿದ್ದರೆ ವಿಷಯ ಇನ್ನೂ ಬಿಗಿ: 2022ರ ಆಗಸ್ಟಿನ ತಿದ್ದುಪಡಿಯ ನಂತರ, ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದೊಳಗಿರುವ ಸರ್ವರಿನಲ್ಲಿ ಪ್ರತಿದಿನವೂ ಇಡಬೇಕು.

ಇಲ್ಲಿ ‘ಮರಳಿ ಪಡೆಯಲು ಆಗುವಂತೆ’ ಎಂಬ ಮಾತನ್ನು ಗಮನಿಸಿ. ನಕಲು ತೆಗೆದಿದ್ದೆವು ಎಂದು ತೋರಿಸಿದರೆ ಆ ನಿಯಮ ಪೂರೈಸಿದಂತಾಗುವುದಿಲ್ಲ. ಆ ನಕಲಿನಿಂದ ಲೆಕ್ಕ ತೆರೆಯಲು ಸಾಧ್ಯವಾಗಬೇಕು. ಏಳು ಫೋಲ್ಡರುಗಳು ವಾರಕ್ಕೊಮ್ಮೆ ತಿರುಗುತ್ತಿದ್ದರೆ ಆರು ವರ್ಷದ ಹಿಂದಿನದು ಉಳಿಯದು, ಆದ್ದರಿಂದ ಮಾರ್ಚ್ ಕೊನೆಯ ಪ್ರತಿಯನ್ನು ಪ್ರತಿ ವರ್ಷವೂ ಯಾವ ಟಾಸ್ಕಿನ ಕೈಗೂ ಸಿಗದ ಡಿಸ್ಕಿನಲ್ಲಿ ಎತ್ತಿಡಿ.

ಟೊಮೆಟೊ ಮಂಡಿಯ ಲೆಕ್ಕಪತ್ರ ನೋಡುವವರು, ಕೋಲಾರ

ತಿಪಟೂರಿನ ಸರ್ ಅವರ ಮಾತಿಗೆ ಒಂದು ಪ್ರಸಿದ್ಧ ಉದಾಹರಣೆ ಇದೆ. 2017ರ ಜನವರಿ 31ರಂದು ತಂತ್ರಾಂಶಗಳ ಕೋಡ್ ಇಡುವ ತಾಣವನ್ನು ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ತಪ್ಪಿ ಮುಖ್ಯ ದತ್ತಾಂಶದ ಫೋಲ್ಡರನ್ನು ಅಳಿಸಿದರು. ದಿನವೂ ನಡೆಯಬೇಕಿದ್ದ ಬ್ಯಾಕಪ್ ಟಾಸ್ಕ್, ತಂತ್ರಾಂಶದ ಆವೃತ್ತಿ ಹೊಂದದ ಕಾರಣ ವಿಫಲವಾಗುತ್ತಲೇ ಇತ್ತು. ವೈಫಲ್ಯವನ್ನು ತಿಳಿಸಬೇಕಿದ್ದ ಮಿಂಚಂಚೆಗಳು ತಿರಸ್ಕೃತವಾಗಿ ಯಾರನ್ನೂ ತಲುಪಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ಒಬ್ಬರು ಕೈಯಾರೆ ತೆಗೆದಿದ್ದ ಪ್ರತಿಯೇ ಅವರನ್ನು ಉಳಿಸಿತು. ಅಷ್ಟು ದೊಡ್ಡ ತಾಂತ್ರಿಕ ಸಂಸ್ಥೆಯಲ್ಲೇ ಹೀಗಾಗುವುದಾದರೆ, ನಾವು ದೋಷ ಬಂದಾಗ ತಿಳಿಸು ಎಂಬ ವ್ಯವಸ್ಥೆಯನ್ನು ನಂಬಬಾರದು. ಟಾಸ್ಕ್ ಶೆಡ್ಯೂಲರಿನಲ್ಲಿದ್ದ ಮಿಂಚಂಚೆ ಕಳಿಸುವ ಸೌಲಭ್ಯವನ್ನಂತೂ ವಿಂಡೋಸ್ 8ರಿಂದಲೇ ಕೈಬಿಡಲಾಗಿದೆ. ಬ್ಯಾಕಪ್ ಗೆದ್ದಾಗಲೆಲ್ಲ ಅಂದಿನ ತಾರೀಖನ್ನು ಒಂದು ಚಿಕ್ಕ ಫೈಲಿಗೆ ಬರೆಸಿ, ಬೆಳಿಗ್ಗೆ ಅದು ಪರದೆಯ ಮೇಲೆ ತೆರೆಯುವಂತೆ ಮಾಡಿ. ಹಳೆಯ ತಾರೀಖು ಕಂಡರೆ ಏನೋ ನಿಂತಿದೆ ಎಂದು ಯಾರಿಗಾದರೂ ತಿಳಿಯುತ್ತದೆ.

ಇನ್ನು ಡಿಸ್ಕು. ಸದಾ ಚುಚ್ಚಿಟ್ಟ ಹೊರಗಿನ ಡಿಸ್ಕು ಕಂಪ್ಯೂಟರಿನ ಅದೃಷ್ಟವನ್ನೇ ಹಂಚಿಕೊಳ್ಳುತ್ತದೆ. 2017ರ ಮೇ ತಿಂಗಳ ವಾನಾಕ್ರೈ ಹಾವಳಿಯಂಥದ್ದು ಬಂದರೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಸುಲಿಗೆ ತಂತ್ರಾಂಶ ಅದಕ್ಕೂ ಬೀಗ ಹಾಕುತ್ತದೆ, ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿಗೆ ಎರಡೂ ಒಟ್ಟಿಗೆ ಸುಡುತ್ತವೆ. ಎರಡು ಡಿಸ್ಕು ಇಟ್ಟು ವಾರಕ್ಕೊಮ್ಮೆ ಅದಲು ಬದಲು ಮಾಡಿ, ಒಂದು ಯಾವಾಗಲೂ ಮನೆಯಲ್ಲಿರಲಿ. ಛಾಯಾಗ್ರಾಹಕ ಪೀಟರ್ ಕ್ರೋಗ್ ಹೇಳಿಕೊಟ್ಟ ‘3-2-1’ ಸೂತ್ರವೂ ಇದೇ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ.

ಡಿಟಿಪಿ ಮತ್ತು ಮುದ್ರಣಾಲಯ, ಶಿಡ್ಲಘಟ್ಟ

ಡಿಸ್ಕು ಹೊತ್ತು ತಿರುಗುವುದಕ್ಕಿಂತ ಗೂಗಲ್ ಡ್ರೈವಿಗೋ ಒನ್‌ಡ್ರೈವಿಗೋ ಜೋಡಿಸಿದರೆ ಸಾಲದೇ?

ಟೊಮೆಟೊ ಮಂಡಿಯ ಲೆಕ್ಕಪತ್ರ ನೋಡುವವರು, ಕೋಲಾರ

ಜೋಡಿಸಿ, ಆದರೆ ಅದೊಂದನ್ನೇ ನಂಬಬೇಡಿ. ಅವು ಎರಡೂ ಕಡೆಯನ್ನು ಹೊಂದಿಸುತ್ತವೆ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ವೈಯಕ್ತಿಕ ಖಾತೆಗಳ ಕಸದ ಬುಟ್ಟಿಯಲ್ಲಿ 30 ದಿನ ಉಳಿದು ನಂತರ ಹೋಗುತ್ತದೆ. ಕಕ್ಷಿದಾರರ ದಾಖಲೆಗಳಾದರೆ 7-ಜಿಪ್ ತಂತ್ರಾಂಶದಲ್ಲಿ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಎಇಎಸ್ 256 ಗೂಢಲಿಪಿಯಿಂದ ಕಟ್ಟಿ ಕಳುಹಿಸಿ. ಮನೆಗೆ ಒಯ್ಯುವ ಡಿಸ್ಕಿಗೂ ಇದು ಅನ್ವಯಿಸುತ್ತದೆ.

ಕಂಪ್ಯೂಟರ್ ದುರಸ್ತಿ ಮಾಡುವವರು, ಮಧುಗಿರಿ

ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರ ಬಾಕಿ ಇದೆ. ನಿತ್ಯದ ನಿರ್ವಹಣೆಯಲ್ಲಿ ಬಹುಪಾಲು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ಈಚಿನ ವಿಂಡೋಸುಗಳಲ್ಲಿ ಸ್ವಯಂ ನಿರ್ವಹಣೆಯ ವೇಳೆ ಕೂಡ ರಾತ್ರಿ 2 ಗಂಟೆಯೇ. ಆಗ ಯಂತ್ರ ಆರಿದ್ದರೆ ಮುಂದೆ ಬಿಡುವಿದ್ದಾಗ ನಡೆಸುತ್ತದೆ. ಎಸ್‌ಎಸ್‌ಡಿ ಎಂಬ ಚಿಪ್ಪಿನ ಡಿಸ್ಕುಗಳನ್ನು ಟ್ರಿಮ್ ಮಾಡುವ (ಅಳಿಸಿದ ಫೈಲುಗಳ ಜಾಗ ತೆರವು ಮಾಡುವ) ವಾರದ ಟಾಸ್ಕ್ ಆಗಲೇ ಇದೆ, ಅದರ ಮೇಲೆ ಫೈಲುಗಳ ತುಂಡುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಟಾಸ್ಕ್ ಹಾಕಬೇಡಿ. ಮಧ್ಯಾಹ್ನದ ಊಟದ ವೇಳೆ ಯಂತ್ರವನ್ನು ಆರಿಸದೆ ಹಾಗೆಯೇ ಬಿಟ್ಟರೆ ಈ ಕೆಲಸಗಳಿಗೆ ಜಾಗ ಸಿಗುತ್ತದೆ.

ಶುಚಿಗೆ ವಿಂಡೋಸಿನ ಸ್ಟೋರೇಜ್ ಸೆನ್ಸ್ ಸಾಕು, ಆದರೆ ಅದರಲ್ಲಿ ಡೌನ್‌ಲೋಡ್ಸ್ ಫೋಲ್ಡರಿನ ಆಯ್ಕೆ ‘ಎಂದಿಗೂ ಬೇಡ’ ಎಂದೇ ಇರಲಿ. ಕಚೇರಿಗಳಲ್ಲಿ ಕಕ್ಷಿದಾರರು ವಾಟ್ಸಾಪಿನಲ್ಲಿ ಕಳಿಸಿದ ಬಿಲ್ಲುಗಳೆಲ್ಲ ಅಲ್ಲೇ ಬಿದ್ದಿರುತ್ತವೆ, ಮತ್ತು ಆ ಫೋಲ್ಡರನ್ನು ಬ್ಯಾಕಪ್ಪಿಗೆ ಸೇರಿಸಿದವರು ಅಪರೂಪ. ಹೊರಗಿನ ಶುಚಿ ತಂತ್ರಾಂಶಗಳು ನನ್ನ ಅಭಿಪ್ರಾಯದಲ್ಲಿ ಬೇಡವೇ ಬೇಡ; 2017ರಲ್ಲಿ ಸಿಸಿಕ್ಲೀನರಿನ ಅಧಿಕೃತ ಆವೃತ್ತಿಯೊಳಗೇ ದುಷ್ಟರು ಕುತಂತ್ರಾಂಶ ಸೇರಿಸಿ, ಅದು 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಮುಟ್ಟಿತ್ತು. ಡಿಸ್ಕಿನ ತಪಾಸಣೆ ಮಾಡುವ ಚೆಕ್‌ಡಿಸ್ಕ್ ಆಜ್ಞೆಯನ್ನು, ದೋಷ ಸರಿಪಡಿಸುವ ಸ್ವಿಚ್ಚಿನೊಂದಿಗೆ ಟಾಸ್ಕಿಗೆ ಹಾಕಬೇಡಿ. ಸಾಯುತ್ತಿರುವ ಡಿಸ್ಕಿಗೆ ಆ ಶ್ರಮವೇ ಕೊನೆಯದಾಗಬಹುದು, ಮೊದಲು ನಕಲು, ಆಮೇಲೆ ತಪಾಸಣೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರದಲ್ಲಿ ಮೂಲ ದತ್ತಾಂಶ ಇಡಬೇಡಿ.

ಗ್ರಂಥಾಲಯದ ಕಂಪ್ಯೂಟರ್ ವಿಭಾಗ, ಗೌರಿಬಿದನೂರು

ವಿಂಡೋಸಿನ ಬದಲು ಉಬುಂಟು ಬಳಸುವವರಿಗೆ ಚಿಕ್ಕ ಸೂಚನೆ. ಅಲ್ಲಿ ವೇಳೆಗೆ ಸರಿಯಾಗಿ ಕೆಲಸ ನಡೆಸುವ ಕ್ರಾನ್, ಯಂತ್ರ ಆರಿದ್ದಾಗ ತಪ್ಪಿದ ಕೆಲಸವನ್ನು ಮತ್ತೆ ನಡೆಸುವುದಿಲ್ಲ. ಅನಾಕ್ರಾನ್ ಅಥವಾ ಸಿಸ್ಟಮ್‌ಡಿಯ ಟೈಮರ್ ಬಳಸಿ, ಟೈಮರಿನಲ್ಲಿ ಪರ್ಸಿಸ್ಟೆಂಟ್ ಎಂಬುದನ್ನು ಟ್ರೂ ಮಾಡಿದರೆ ಮುಂದಿನ ಬಾರಿ ಹಚ್ಚಿದಾಗ ನಡೆಯುತ್ತದೆ. ನಕಲು ಮಾಡುವ ಆಜ್ಞೆಯಾದ ಆರ್‌ಸಿಂಕಿನ ಲಿಂಕ್-ಡೆಸ್ಟ್ ಆಯ್ಕೆಯಿಂದ ಪ್ರತಿದಿನದ ಪೂರ್ಣ ಪ್ರತಿ ಕಂಡರೂ, ಬದಲಾಗದ ಫೈಲುಗಳು ಹೊಸ ಜಾಗ ತಿನ್ನುವುದಿಲ್ಲ.

ತೆರಿಗೆ ಸಲಹೆಗಾರರ ಕಚೇರಿ, ತುಮಕೂರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಬೆಳಿಗ್ಗೆ ಲಾಗಿನ್ ಟಾಸ್ಕ್, ಸಂಜೆ ಆರಿಸುವ ಐಕಾನ್, ವಾರದ ಏಳು ಫೋಲ್ಡರು, ಅದಲು ಬದಲಾಗುವ ಎರಡು ಡಿಸ್ಕು ಎಂದು ತೀರ್ಮಾನಿಸಿದ್ದೇವೆ. ಬೆಳಗಿನ ಟಾಸ್ಕ್ ನಡೆಯುವಾಗ ಬೇರೆ ಕಂಪ್ಯೂಟರಿನಿಂದ ಯಾರಾದರೂ ಟ್ಯಾಲಿ ತೆರೆದುಬಿಟ್ಟರೆ ಏನು ಮಾಡುವುದು? ಮತ್ತು ನಕಲು ಸರಿಯಾಗಿದೆ ಎಂದು ಪರೀಕ್ಷಿಸುವ ಸರಿಯಾದ ವಿಧಾನ ಯಾವುದು?

ಪದವಿ ಕಾಲೇಜಿನ ಪ್ರಯೋಗಾಲಯ ಸಹಾಯಕಿ, ಚಿಕ್ಕಬಳ್ಳಾಪುರ

ಮೊದಲನೆಯದಕ್ಕೆ, ದತ್ತಾಂಶವಿರುವ ಕಂಪ್ಯೂಟರನ್ನು ಮೊದಲು ಹಚ್ಚಿ, ನಕಲು ಮುಗಿದ ಮೇಲೆ ಉಳಿದವನ್ನು ಹಚ್ಚುವ ಪದ್ಧತಿ ಇಟ್ಟುಕೊಳ್ಳಿ. ಅಷ್ಟು ಕಾಯಲಾಗದ ದಿನಗಳಿಗೆ ಸಂಜೆಯ ಪ್ರತಿ ಇದ್ದೇ ಇರುತ್ತದೆ, ಆಗ ಎಲ್ಲರೂ ಟ್ಯಾಲಿ ಮುಚ್ಚಿರುವುದನ್ನು ನೋಡಿಕೊಂಡು ಐಕಾನ್ ಒತ್ತಬೇಕು.

ಪರೀಕ್ಷೆಯನ್ನು ಮಾತ್ರ ಟಾಸ್ಕಿಗೆ ಒಪ್ಪಿಸಬೇಡಿ, ಅದು ಮನುಷ್ಯರೇ ಮಾಡಬೇಕಾದ ಕೆಲಸ. ಬ್ಯಾಕಪ್ ಡಿಸ್ಕನ್ನು ದತ್ತಾಂಶವಿಲ್ಲದ ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಒಬ್ಬ ಕಕ್ಷಿದಾರರ ಫೋಲ್ಡರನ್ನು ಹೊಸ ಜಾಗಕ್ಕೆ ಇಳಿಸಿಕೊಳ್ಳಿ. ಮೂಲದ ಮೇಲೆ ಎಂದೂ ಇಳಿಸಬೇಡಿ. ಆ ಕಂಪ್ಯೂಟರಿನ ಟ್ಯಾಲಿಗೆ ಹೊಸ ಜಾಗದ ದಾರಿ ತೋರಿಸಿ, ಕಂಪನಿ ತೆರೆದು, ಬ್ಯಾಕಪ್ ತೆಗೆದ ದಿನದ ಟ್ರಯಲ್ ಬ್ಯಾಲೆನ್ಸ್ ಮೊತ್ತವನ್ನೂ ಕೊನೆಯ ವೋಚರಿನ ಸಂಖ್ಯೆಯನ್ನೂ ಮೂಲದೊಂದಿಗೆ ತಾಳೆ ನೋಡಿ. ಪ್ರತಿ ಬಾರಿ ಬೇರೆ ಕಕ್ಷಿದಾರರ ಫೋಲ್ಡರು, ಬೇರೆ ಸಿಬ್ಬಂದಿ. ಒಬ್ಬರಿಗಷ್ಟೇ ಗೊತ್ತಿದ್ದರೆ ಅವರು ರಜೆಯಲ್ಲಿದ್ದ ದಿನವೇ ಅದು ಬೇಕಾಗುತ್ತದೆ. ನಿಮ್ಮಲ್ಲಿ 11ರವರೆಗೆ ಜಿಎಸ್‌ಟಿಆರ್-1, 20ರವರೆಗೆ 3ಬಿ ರಿಟರ್ನು ಎಂದು ಬಿಡುವಿರುವುದಿಲ್ಲವಾದ್ದರಿಂದ, ಪರೀಕ್ಷೆಯನ್ನು ಪ್ರತಿ ತಿಂಗಳ 22ನೇ ತಾರೀಖಿಗೆ ಇಡಿ, ಅಂದು ಭಾನುವಾರವಾದರೆ ಸೋಮವಾರ.